ಸವಾರನೂ ಕುದುರೆಯೂ: ಪಾತ್ರಧಾರಣೆಯ ಮೇಜಿನಾಟದಲ್ಲಿ ಸಂಗಾತಿ ಪ್ರಾಣಿಯ ಬಲಸಾಮ್ಯವಿಚಾರ

೧. ಪ್ರಶ್ನೆಯ ಸ್ವರೂಪ

ವೀರನೊಬ್ಬನ ಕಥೆಯಲ್ಲಿ ಅವನ ಕುದುರೆಗೋ ಆನೆಗೋ ನಾಯಿಗೋ ಎಷ್ಟು ಬಲವನ್ನು ಕೊಡತಕ್ಕದ್ದೆಂಬುದು ಕವಿಗಳಿಗೆ ಹಳೆಯ ಪ್ರಶ್ನೆ. ಪ್ರಾಣಿಯ ಬಲವು ಕಡಮೆಯಾದರೆ ಅದು ಬರಿಯ ವಾಹನವಾಗಿ ಕಥೆಯಿಂದ ಮರೆಯಾಗುವುದು. ಹೆಚ್ಚಾದರೆ ವೀರನ ಪರಾಕ್ರಮವೆಲ್ಲವೂ ಪ್ರಾಣಿಯ ಪಾಲಾಗುವುದು. ಕಾವ್ಯವನ್ನು ಕಟ್ಟುವವನು ಒಬ್ಬನೇ ಆದುದರಿಂದ ಈ ತೂಕವನ್ನು ಅವನು ತನ್ನ ಇಚ್ಛೆಯಂತೆ ಸರಿಪಡಿಸಿಕೊಳ್ಳಬಲ್ಲನು. ಆದರೆ ನಾಲ್ಕೈದು ಮಂದಿ ಮೇಜಿನ ಸುತ್ತ ಕುಳಿತು, ಒಬ್ಬೊಬ್ಬರು ಒಂದೊಂದು ಪಾತ್ರವನ್ನು ಧರಿಸಿ, ದಾಳವನ್ನುರುಳಿಸುತ್ತ ಕಥೆಯನ್ನು ಕೂಡಿಯೇ ಕಟ್ಟುವ ಆಟದಲ್ಲಿ ಈ ತೂಕವು ಒಬ್ಬನ ಇಚ್ಛೆಗೆ ಸೇರಿದುದಲ್ಲ. ಅಲ್ಲಿ ಒಬ್ಬನ ಕುದುರೆಗೆ ದೊರೆತ ಬಲವು ಮತ್ತೊಬ್ಬನ ಪಾತ್ರದ ಅವಕಾಶದಿಂದ ಕಳೆದುಹೋಗುವ ಬಲವಾಗಿರುವುದು.

ಈ ಬಗೆಯ ಆಟವು ಅಚ್ಚಿನ ಪುಸ್ತಕವಾಗಿ ಮೊದಲು ಪ್ರಸಿದ್ಧಿಗೆ ಬಂದುದು ೧೯೭೪ರಲ್ಲಿ, ಅಮೆರಿಕದಲ್ಲಿ. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬಿಬ್ಬರು ರಚಿಸಿದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಎಂಬುದೇ ಆ ಆಟ. ಇದರಲ್ಲಿ ಆಟಗಾರರ ಪೈಕಿ ಒಬ್ಬನು ಸೂತ್ರಧಾರನಾಗಿ ಊರು, ಕಾಡು, ಶತ್ರು, ವಿಘ್ನ ಇವುಗಳನ್ನು ನಡೆಯಿಸುವನು. ಉಳಿದವರು ತಮ್ಮ ತಮ್ಮ ಪಾತ್ರಗಳ ಮಾತನ್ನೂ ಕ್ರಿಯೆಯನ್ನೂ ಹೇಳುವರು. ಫಲವು ಸಂದೇಹಾಸ್ಪದವಾದಲ್ಲಿ ದಾಳವು ತೀರ್ಪನ್ನು ಕೊಡುವುದು. ಅಚ್ಚಾದ ಕಟ್ಟಳೆಗಳು ಎಷ್ಟೇ ವಿಸ್ತಾರವಾಗಿದ್ದರೂ, ಒಂದೊಂದು ಕೂಟದವರು ತಮಗೆ ಒಪ್ಪುವಂತೆ ಕೆಲವನ್ನು ಬಿಟ್ಟು ಕೆಲವನ್ನು ಸೇರಿಸಿಕೊಳ್ಳುವುದು ರೂಢಿ. ಇವುಗಳನ್ನು ಮನೆಕಟ್ಟಳೆಗಳೆಂದು ಕರೆಯಬಹುದು. ಸಂಗಾತಿ ಪ್ರಾಣಿಯ ವಿಷಯವು ಇಂತಹ ಮನೆಕಟ್ಟಳೆಗಳಿಗೆ ಪದೇಪದೇ ಕಾರಣವಾಗಿರುವುದು.

ಈ ಪ್ರಶ್ನೆಯನ್ನು ಪರೀಕ್ಷಿಸುವುದಕ್ಕೆ ಕನ್ನಡನಾಡಿನಲ್ಲಿಯೇ ಉತ್ತಮವಾದ ನೆಲೆಯಿದೆ. ಗಂಗಾವತಿಯ ಸೀಮೆಯಲ್ಲಿರುವ ಹೇಮಗುಡ್ಡ, ಕುಮ್ಮಟದುರ್ಗ ಎಂಬ ಕೋಟೆಗಳು ಕಂಪಿಲಿಯ ಅರಸುಮನೆತನದ ಹೆಸರಿನೊಡನೆ ಸೇರಿದವು. ೧೩೨೭ರಲ್ಲಿ ದೆಹಲಿಯ ಮಹಮ್ಮದ್ ಬಿನ್ ತುಘಲಕನ ಸೈನ್ಯಕ್ಕೆ ಕಂಪಿಲಿಯ ರಾಜ್ಯವು ತುತ್ತಾಯಿತಾದರೂ, ಕಂಪಿಲರಾಯನ ಮಗನಾದ ಕುಮಾರರಾಮನ ಕಥೆಯು ಸಾಂಗತ್ಯಗಳಲ್ಲಿಯೂ ಜನಪದರ ಬಾಯಲ್ಲಿಯೂ ಬೆಳೆದು ನಿಂತಿತು. ಆ ಕಥೆಯಲ್ಲಿ ರಾಮನಿದ್ದಾನೆ, ಸಂಗಡಿಗನಾದ ಕಾಟಣ್ಣನಿದ್ದಾನೆ, ಮಂತ್ರಿಯಾದ ಬೈಚಪ್ಪನಿದ್ದಾನೆ. ಬೊಲ್ಲನೆಂಬ ಕುದುರೆಯೂ ಇದೆ. ಸೈನ್ಯದ ನೂರಾರು ಕುದುರೆಗಳಿಗೆ ಕಥೆಯಲ್ಲಿ ಹೆಸರಿಲ್ಲ, ಬೊಲ್ಲನಿಗೆ ಇದೆ. ಹೆಸರು ಬಂದೊಡನೆ ಕುದುರೆಯು ಸಾಮಗ್ರಿಯ ಪಟ್ಟಿಯನ್ನು ಬಿಟ್ಟು ಪಾತ್ರಗಳ ಪಟ್ಟಿಗೆ ಏರುವುದು. ಈ ಕಥೆಯನ್ನು ನಾಲ್ವರು ಮೇಜಿನ ಮೇಲೆ ಆಡಹೊರಟರೆ, ಬೊಲ್ಲನಿಗೆ ಎಷ್ಟು ಬಲವನ್ನು ಕೊಡತಕ್ಕದ್ದು?

ಈ ಪ್ರಶ್ನೆಗೆ ಸಾಮಾನ್ಯವಾಗಿ ಬರುವ ಉತ್ತರವು ಕುದುರೆಯ ಮೈಬಲ, ವೇಗ, ಕಚ್ಚುವ ಒದೆಯುವ ಶಕ್ತಿ ಇವುಗಳನ್ನು ಲೆಕ್ಕಹಾಕುವ ಉತ್ತರ. ಅದು ಸಾಲದೆಂಬುದನ್ನೂ, ಆಟದಲ್ಲಿ ಬಲದ ನಿಜವಾದ ಅಳತೆಯು ಸರದಿಯೆಂಬುದನ್ನೂ ತೋರಿಸುವುದು ಮುಂದಿನ ವಿಚಾರದ ಉದ್ದೇಶ. ಇದಕ್ಕಾಗಿ ನಮ್ಮ ಹಳೆಯ ಎರಡು ಹಲಗೆಯಾಟಗಳನ್ನು ಮೊದಲು ನೋಡಿ, ಅನಂತರ ಹೊಸ ಆಟದ ಕಟ್ಟಳೆಗಳು ನಡೆದುಬಂದ ದಾರಿಯನ್ನು ಪರಿಶೀಲಿಸಬಹುದು.

೨. ಚತುರಂಗದ ಮಾರ್ಗ: ಇಬ್ಬರು ಒಂದೇ ಕಾಯಿ

ಚತುರಂಗವೆಂದರೆ ಆನೆ, ಕುದುರೆ, ರಥ, ಕಾಲಾಳು ಎಂಬ ನಾಲ್ಕು ಅಂಗಗಳ ಸೇನೆ. ಕಲ್ಯಾಣದ ಚಾಳುಕ್ಯರ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಅರಸರ ವಿನೋದಗಳ ನಡುವೆ ಈ ಆಟದ ವಿವರಣೆಯೂ ಇದೆ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರ (೧೭೯೪–೧೮೬೮) ‘ಶ್ರೀತತ್ತ್ವನಿಧಿ’ಯಲ್ಲಿ ‘ಕೌತುಕನಿಧಿ’ ಎಂಬ ಭಾಗವು ಆಟಗಳಿಗಾಗಿಯೇ ಮೀಸಲಾಗಿದೆ. ಹೀಗೆ ಈ ಆಟದ ವಿಚಾರವು ಕನ್ನಡನಾಡಿನ ಅರಮನೆಗಳಿಗೆ ಹೊಸದಲ್ಲ.

ಚತುರಂಗದ ಹಲಗೆಯ ಮೇಲೆ ಕುದುರೆಯೆಂಬ ಹೆಸರಿನಿಂದ ನಡೆಯುವುದು ವಾಸ್ತವವಾಗಿ ಸವಾರನೂ ಕುದುರೆಯೂ ಸೇರಿದ ಒಂದು ಜೋಡಿ. ಆನೆಯೆಂಬುದೂ ಅಂತೆಯೇ ಮಾವಟಿಗನನ್ನೂ ಯೋಧನನ್ನೂ ಹೊತ್ತ ಆನೆ. ಆದರೆ ಆಟದ ಕಟ್ಟಳೆಗೆ ಈ ಭೇದವು ತಿಳಿಯದು. ಜೋಡಿಗೆ ಒಂದೇ ಮನೆ, ಒಂದೇ ನಡೆ, ಒಂದೇ ಸಾವು. ಕುದುರೆಯನ್ನು ಕಡಿದ ಮೇಲೆ ಸವಾರನು ನೆಲಕ್ಕಿಳಿದು ಕಾಲಾಳಾಗಿ ಹೋರಾಡುವ ಪ್ರಸಂಗವಿಲ್ಲ. ಸವಾರನು ಬಿದ್ದರೆ ಕುದುರೆಯು ತಾನೇ ಓಡಿಹೋಗುವ ಪ್ರಸಂಗವೂ ಇಲ್ಲ. ಬಲಸಾಮ್ಯದ ದೃಷ್ಟಿಯಿಂದ ಇದು ಅತ್ಯಂತ ಮಿತವಾದ ಪರಿಹಾರ. ಪ್ರಾಣಿಗೆ ಬೇರೆ ಸರದಿಯೇ ಇಲ್ಲದುದರಿಂದ ಅದು ಯಾರ ಸರದಿಯನ್ನೂ ಕಸಿಯಲಾರದು.

ಇನ್ನೊಂದು ಸಂಗತಿಯೂ ಇಲ್ಲಿ ಗಮನಾರ್ಹ. ಒಂದೇ ಪ್ರಾಣಿಗೆ ಬೇರೆ ಬೇರೆ ಕಾಲದೇಶಗಳಲ್ಲಿ ಬೇರೆ ಬೇರೆ ಬಲವು ಸಂದಿದೆ. ಸುಮಾರು ೧೦೩೦ರಲ್ಲಿ ಹಿಂದೂದೇಶವನ್ನು ಕುರಿತು ಬರೆದ ಅಲ್‌ಬೆರೂನಿಯು ಇಲ್ಲಿಯ ಆಟದಲ್ಲಿ ಆನೆಯು ಮುಂದಕ್ಕೆ ಒಂದು ಮನೆಯನ್ನೂ ನಾಲ್ಕು ಮೂಲೆಗಳಿಗೆ ಒಂದೊಂದು ಮನೆಯನ್ನೂ ನಡೆಯುವುದೆಂದು ಹೇಳುತ್ತಾನೆ. ನಾಲ್ಕು ಕಾಲು, ಒಂದು ಸೊಂಡಿಲು ಎಂಬ ಲೆಕ್ಕಕ್ಕೆ ಇದು ಸರಿಹೋಗುವುದು. ಅರಬರ ಆಟದಲ್ಲಿ ಆನೆಯು ಮೂಲೆಯ ಕಡೆಗೆ ಎರಡನೆಯ ಮನೆಗೆ ನೆಗೆಯುತ್ತಿತ್ತು. ಇಂದು ಕನ್ನಡಿಗರು ಆನೆಯೆಂದು ಕರೆಯುವ ಕಾಯಿಯಾದರೋ ನೆಟ್ಟಗೆ ಎಷ್ಟು ಮನೆಗಳನ್ನಾದರೂ ಓಡುವುದು; ಒಂಟೆಯು ಮೂಲೆಯ ದಾರಿಯನ್ನು ಹಿಡಿಯುವುದು. ಕಾಡಿನ ಆನೆಯು ಈ ಸಾವಿರ ವರ್ಷಗಳಲ್ಲಿ ಬದಲಾಗಲಿಲ್ಲ. ಹಲಗೆಯ ಆನೆಯು ಮಾತ್ರ ಬದಲಾಯಿತು. ಆದುದರಿಂದ ಆಟದ ಪ್ರಾಣಿಯ ಬಲವನ್ನು ಪ್ರಾಣಿಶಾಸ್ತ್ರದಿಂದ ನಿರ್ಣಯಿಸಲು ಹೊರಡುವುದು ವ್ಯರ್ಥವಾದ ಶ್ರಮ.

ಚತುರಂಗದ ಪರಿಹಾರದಲ್ಲಿ ನಷ್ಟವೂ ಇಲ್ಲದಿಲ್ಲ. ಸವಾರನೂ ಕುದುರೆಯೂ ಒಂದೇ ಆದಮೇಲೆ ಅವರ ನಡುವಣ ಸ್ನೇಹಕ್ಕೆ ಎಡೆಯಿಲ್ಲ. ಗಾಯಗೊಂಡ ಒಡೆಯನನ್ನು ಹೊತ್ತು ಕೋಟೆಗೆ ಮರಳುವ ಕುದುರೆಯನ್ನು ಚತುರಂಗವು ತೋರಿಸಲಾರದು. ಕಥೆಗೆ ಬೇಕಾದುದು ಅದೇ.

೩. ಹುಲಿಕುರಿಯಾಟದ ಮಾರ್ಗ: ಹಲವರಿಗೆ ಒಂದೇ ಸರದಿ

ಅರಮನೆಯ ಆಟವನ್ನು ಬಿಟ್ಟು ಹಳ್ಳಿಯ ಕಟ್ಟೆಗೆ ಬಂದರೆ ಹುಲಿಕುರಿಯಾಟವು ಕಾಣುವುದು. ಆಡುಹುಲಿಯಾಟವೆಂದೂ ಇದನ್ನು ಕರೆಯುವರು. ಹೇಮಗುಡ್ಡಕ್ಕೆ ದೂರವಲ್ಲದ ಹಂಪೆಯಲ್ಲಿ ಮಂಟಪಗಳ ನೆಲಗಲ್ಲುಗಳ ಮೇಲೆಯೂ ಬಂಡೆಗಳ ಮೇಲೆಯೂ ನಾನಾ ಆಟಗಳ ಮನೆಗಳನ್ನು ಕೊರೆದಿರುವುದನ್ನು ಇಂದಿಗೂ ನೋಡಬಹುದು. ಕಟ್ಟಡದ ಕಾಲವೇ ಗೆರೆಗಳ ಕಾಲವೆಂದು ಹೇಳುವಂತಿಲ್ಲ. ಹಳೆಯ ಕಲ್ಲಿನ ಮೇಲೆ ಯಾವ ತಲೆಮಾರಿನವರಾದರೂ ಗೆರೆ ಕೊರೆಯಬಹುದು. ಅದಲ್ಲದೆ ಕಲ್ಲಿನಲ್ಲಿ ಉಳಿಯುವುದು ಮನೆಗಳು ಮಾತ್ರ. ಎಷ್ಟು ಕುರಿ, ಯಾವಾಗ ನಡೆ, ಎಷ್ಟು ಕಡಿದರೆ ಗೆಲುವು ಎಂಬ ಕಟ್ಟಳೆಗಳು ಆಡುವವರ ಬಾಯಲ್ಲಿಯೇ ಇದ್ದು, ಊರಿಂದೂರಿಗೆ ಬದಲಾಗುತ್ತ ಬಂದಿವೆ. ಮನೆಕಟ್ಟಳೆಯ ಸ್ವಭಾವವನ್ನು ತಿಳಿಯಬೇಕಾದವರಿಗೆ ಇದಕ್ಕಿಂತ ಒಳ್ಳೆಯ ನಿದರ್ಶನವು ದುರ್ಲಭ.

ಬಹಳವಾಗಿ ಬಳಕೆಯಲ್ಲಿರುವ ರೂಪದಲ್ಲಿ ಇಪ್ಪತ್ತಮೂರು ಮನೆಗಳಿವೆ. ತುದಿಯಲ್ಲಿ ಒಂದು ಮನೆ. ಅದರಿಂದ ಇಳಿಯುವ ನಾಲ್ಕು ಗೆರೆಗಳು. ಅವುಗಳನ್ನು ಅಡ್ಡಹಾಯುವ ಮೂರು ಗೆರೆಗಳಲ್ಲಿ ಒಂದೊಂದರ ಮೇಲೆ ಆರು ಮನೆ. ಬುಡದಲ್ಲಿ ನಾಲ್ಕು ಮನೆ. ಹುಲಿಗಳು ೩, ಕುರಿಗಳು ೧೫. ಕುರಿಗಳನ್ನು ಒಂದೊಂದಾಗಿ ಇಡುತ್ತ ಬರುವರು. ಹದಿನೈದೂ ಒಳಬರುವ ತನಕ ಇಟ್ಟ ಕುರಿಯು ಕದಲಬಾರದು. ಹುಲಿಯಾದರೋ ಪಕ್ಕದ ಕುರಿಯನ್ನು ನೆಟ್ಟಗೆ ಹಾರಿ ಅದರಾಚೆಯ ಬರಿದಾದ ಮನೆಗೆ ಇಳಿದರೆ ಆ ಕುರಿಯನ್ನು ಕಡಿದಂತಾಗುವುದು. ಕುರಿಯು ಹುಲಿಯನ್ನು ಕಡಿಯಲಾರದು. ಎಲ್ಲ ಹುಲಿಗಳೂ ಅಲುಗದಂತೆ ಕಟ್ಟಿಹಾಕುವುದೇ ಅದರ ಗೆಲುವು.

ಮೂರಕ್ಕೆ ಹದಿನೈದು ಎಂಬುದನ್ನು ನೋಡಿ ಒಂದು ಹುಲಿಯು ಐದು ಕುರಿಗಳಿಗೆ ಸಮಾನವೆಂದು ಹೇಳುವುದು ಸುಲಭ; ಆದರೆ ಸರಿಯಲ್ಲ. ಇಲ್ಲಿ ತೂಕವನ್ನು ನಿಲ್ಲಿಸಿರುವುದು ಎಣಿಕೆಯೊಂದೇ ಅಲ್ಲ, ಸರದಿ. ಹುಲಿಯ ಪಕ್ಷವು ಒಂದು ಸರದಿಗೆ ಒಂದು ಹುಲಿಯನ್ನು ಮಾತ್ರ ನಡೆಯಿಸಬಹುದು. ಕುರಿಯ ಪಕ್ಷವೂ ಒಂದನ್ನೇ. ಹದಿನೈದು ಕುರಿಗಳಿಗೆ ಹದಿನೈದು ಸರದಿಗಳಿಲ್ಲ. ಒಂದುವೇಳೆ ಮೂರು ಹುಲಿಗಳಿಗೂ ಬೇರೆ ಬೇರೆ ಸರದಿಯನ್ನು ಕೊಟ್ಟರೆ, ಕುರಿಯೊಂದನ್ನು ಇಡುವಷ್ಟರಲ್ಲಿ ಹುಲಿಗಳು ಮೂರು ಸಲ ಹಾರುವುವು. ಮೈಯನ್ನು ಹೆಚ್ಚಿಸಿ ಸರದಿಯನ್ನು ಹೆಚ್ಚಿಸದಿದ್ದರೆ ಬಲವು ಮೆಲ್ಲನೆ ಬೆಳೆಯುವುದು. ಸರದಿಯನ್ನು ಹೆಚ್ಚಿಸಿದರೆ ಒಮ್ಮೆಲೇ ಬೆಳೆಯುವುದು. ಈ ಆಟವು ಕಲಿಸುವ ಮೊದಲನೆಯ ಪಾಠ ಇದು.

ಎರಡನೆಯ ಪಾಠವು ಬರಿದಾದ ಮನೆಗಳಿಗೆ ಸಂಬಂಧಿಸಿದುದು. ಒಂದು ಕುರಿಯೂ ಸಾಯದೆ ಎಲ್ಲವೂ ಒಳಬಂದರೆ ೧೮ ಹರಳುಗಳು ೧೮ ಮನೆಗಳನ್ನು ತುಂಬಿ, ೫ ಮನೆಗಳು ಉಳಿಯುವುವು. ಒಂದು ಕುರಿಯು ಸತ್ತರೆ ಕಾವಲುಗಾರನೊಬ್ಬನು ಕಡಮೆಯಾಗುವುದಲ್ಲದೆ, ಹುಲಿಗೆ ಹಾರಲು ಮನೆಯೊಂದು ಹೆಚ್ಚುವುದು. ಹೀಗೆ ಒಂದು ಗೆಲುವು ಮುಂದಿನ ಗೆಲುವನ್ನು ಸುಲಭಮಾಡುವುದು. ಆದುದರಿಂದಲೇ ಇಂತಿಷ್ಟು ಕುರಿಗಳು ಸತ್ತೊಡನೆ ಆಟವು ಮುಗಿಯಿತೆಂಬ ಕಟ್ಟಳೆಯನ್ನು ಹಲವು ಕಡೆ ಇಟ್ಟುಕೊಂಡಿರುವರು. ಸೋಲು ನಿಶ್ಚಯವಾದ ಮೇಲೆಯೂ ಕುರಿಯವನನ್ನು ಕುಳ್ಳಿರಿಸಿ ಕಾಯಿಸುವುದರಲ್ಲಿ ವಿನೋದವಿಲ್ಲ. ನೇಪಾಳದ ‘ಬಾಘ್‌ಚಾಲ್’ ಎಂಬ ಸೋದರ ಆಟದಲ್ಲಿ ೨೫ ಮನೆ, ೪ ಹುಲಿ, ೨೦ ಆಡು. ಐದು ಆಡು ಸತ್ತರೆ ಹುಲಿಗೆ ಗೆಲುವು. ಅಲ್ಲಿ ಎಲ್ಲವೂ ಒಳಬಂದರೆ ಉಳಿಯುವುದು ಒಂದೇ ಮನೆ. ಈ ಆಟವನ್ನು ಗಣಕಯಂತ್ರದಿಂದ ಶೋಧಿಸಿದ ಲಿಮ್ ಯೂ ಜಿನ್, ಯುರ್ಗ್ ನೀವರ್ಗೆಲ್ಟ್ ಎಂಬ ವಿದ್ವಾಂಸರು, ಎರಡು ಪಕ್ಷದವರೂ ತಪ್ಪಿಲ್ಲದೆ ಆಡಿದರೆ ಯಾರೂ ಗೆಲ್ಲರೆಂದು ತೋರಿಸಿಕೊಟ್ಟಿದ್ದಾರೆ. ಲೆಕ್ಕವನ್ನರಿಯದ ಹಳ್ಳಿಗರ ಕೈಯಲ್ಲಿ ತಿದ್ದುಪಡಿಯಾಗುತ್ತ ಬಂದ ಕಟ್ಟಳೆಯು ಇಂತಹ ಸೂಕ್ಷ್ಮವಾದ ತೂಕಕ್ಕೆ ಬಂದು ನಿಂತುದು ಆಶ್ಚರ್ಯಕರವಾದ ಸಂಗತಿ.

ಯೂರೋಪಿನ ನರಿ-ಬಾತುಗಳ ಆಟದಲ್ಲಿಯೂ ಇದೇ ಬಗೆಯ ತಿದ್ದುಪಡಿಯ ಗುರುತುಗಳಿವೆ. ಒಂದು ನರಿಗೆ ಎದುರಾಗಿ ಹದಿಮೂರು ಬಾತುಗಳಿದ್ದ ಆಟದಲ್ಲಿ ಮುಂದೆ ಅವುಗಳನ್ನು ಹದಿನೇಳಕ್ಕೆ ಏರಿಸಿದರು. ಬಾತುಗಳ ಬಲವು ಅತಿಯಾಯಿತೆಂದು ತೋರಿದಲ್ಲಿ ಅವು ಹಿಂದಕ್ಕೆ ನಡೆಯಬಾರದೆಂದು ಕಟ್ಟುಮಾಡಿದರು. ಎಣಿಕೆ, ನಡೆ, ಗೆಲುವಿನ ಗಡಿ ಎಂಬ ಮೂರು ಸಾಧನಗಳಿಂದ ಎಲ್ಲ ಕಡೆಯೂ ತೂಕವನ್ನು ಸರಿಪಡಿಸಿರುವರೇ ಹೊರತು, ಸರದಿಯನ್ನು ಮಾತ್ರ ಯಾರೂ ಮುಟ್ಟಿಲ್ಲ.

೪. ಹೊಸ ಆಟದ ಅನುಭವ

ಪಾತ್ರಧಾರಣೆಯ ಆಟದಲ್ಲಿ ಈ ಹಳೆಯ ಆಟಗಳಲ್ಲಿಲ್ಲದ ಒಂದು ಸ್ಥಿತಿಯು ಉಂಟಾಯಿತು. ಇಲ್ಲಿ ಸವಾರನೂ ಕುದುರೆಯೂ ಬೇರೆ ಬೇರೆ ವ್ಯಕ್ತಿಗಳು. ಆದರೆ ಇಬ್ಬರೂ ಒಬ್ಬ ಆಟಗಾರನ ಕೈಯಲ್ಲಿರುವರು. ಜೊತೆಗಾರರಾದ ಇತರರಿಗೆ ಒಂದೊಂದೇ ಪಾತ್ರ. ಈ ವಿಷಮತೆಯನ್ನು ಕಟ್ಟಳೆಯ ಪುಸ್ತಕಗಳು ಹೇಗೆ ಎದುರಿಸಿದವೆಂಬುದರ ಇತಿಹಾಸವು ಬೋಧಪ್ರದವಾಗಿದೆ.

ಮೇಲೆ ಹೇಳಿದ ಅಮೆರಿಕದ ಆಟದ ಮೂರನೆಯ ಆವೃತ್ತಿಯಲ್ಲಿ (೨೦೦೦, ಪರಿಷ್ಕರಣ ೨೦೦೩) ಡ್ರೂಯಿಡ್ ಎಂಬ ವನವಾಸಿ ಮಾಂತ್ರಿಕನಿಗೆ ಸಂಗಾತಿ ಪ್ರಾಣಿಯುಂಟು. ಅದು ತೋಳವೋ ಕರಡಿಯೋ ಆಗಿ ತನ್ನದೇ ಆದ ನಡೆಯಿಂದ ಹೊಡೆಯುತ್ತಿರುವಾಗಲೇ ಒಡೆಯನು ಮಂತ್ರಪ್ರಯೋಗವನ್ನು ಮಾಡಬಲ್ಲನು. ಒಬ್ಬನಿಗೆ ಎರಡು ಪೂರ್ಣ ಸರದಿಗಳು ದೊರೆತಂತಾಯಿತು. ಪಕ್ಕದಲ್ಲಿ ಕತ್ತಿಯೊಂದನ್ನೇ ನೆಚ್ಚಿದ ಯೋಧನ ಪಾತ್ರವನ್ನು ಧರಿಸಿದವನು, ತನ್ನ ಕೆಲಸವನ್ನು ಮತ್ತೊಬ್ಬನ ಸಾಕುಪ್ರಾಣಿಯು ತನಗಿಂತ ಚೆನ್ನಾಗಿ ಮಾಡುವುದನ್ನು ನೋಡುತ್ತ ಕೂರಬೇಕಾಯಿತು.

ಐದನೆಯ ಆವೃತ್ತಿಯಲ್ಲಿ (೨೦೧೪) ತಪ್ಪು ಇನ್ನೊಂದು ದಿಕ್ಕಿಗೆ ಹೊರಳಿತು. ರೇಂಜರ್ ಎಂಬ ಬೇಟೆಗಾರನ ಪ್ರಾಣಿಯು ಹೊಡೆಯಬೇಕಾದರೆ ಒಡೆಯನು ತನ್ನ ಸರದಿಯ ಕ್ರಿಯೆಯನ್ನೇ ಅದಕ್ಕೆ ಬಿಟ್ಟುಕೊಡಬೇಕೆಂದು ವಿಧಿಸಿದರು. ಮುಂದಿನ ಮೆಟ್ಟಲುಗಳಲ್ಲಿ ಮಾತ್ರ ಒಡೆಯನಿಗೆ ತಾನೂ ಒಂದು ಪೆಟ್ಟನ್ನು ಹೊಡೆಯುವ ಅವಕಾಶವಿತ್ತು. ಫಲವೇನೆಂದರೆ, ಪ್ರಾಣಿಯನ್ನು ಬಳಸಿದರೆ ಬೇಟೆಗಾರನು ಸುಮ್ಮನಿರಬೇಕು, ಬೇಟೆಗಾರನು ಹೊಡೆದರೆ ಪ್ರಾಣಿಯು ಸುಮ್ಮನಿರಬೇಕು. ಸಂಗಾತಿಯನ್ನು ಪಡೆದವನು ಪಡೆಯದವನಿಗಿಂತ ದುರ್ಬಲನಾದನೆಂಬ ಅಸಮಾಧಾನವು ಆಟಗಾರರಲ್ಲಿ ಬೆಳೆಯಿತು. ೨೦೨೦ರಲ್ಲಿ ಪ್ರಕಟವಾದ ಪೂರಕಗ್ರಂಥವೊಂದು ಮಧ್ಯಮಮಾರ್ಗವನ್ನು ಹಿಡಿಯಿತು. ಅದರಂತೆ ಪ್ರಾಣಿಗೆ ಅಪ್ಪಣೆಕೊಡುವುದಕ್ಕೆ ಸರದಿಯ ಒಂದು ಚಿಕ್ಕ ಪಾಲು ಸಾಕು. ಅಪ್ಪಣೆಯಿಲ್ಲದಿದ್ದರೆ ಪ್ರಾಣಿಯು ತನ್ನನ್ನು ಕಾಪಾಡಿಕೊಳ್ಳುವುದು ಮಾತ್ರ. ಅದರ ಬಲವು ಒಡೆಯನ ಮೆಟ್ಟಲಿನೊಡನೆ ಏರುವುದು. ೨೦೨೪ರ ಆಟಗಾರರ ಕೈಪಿಡಿಯೂ ಈ ಮಾರ್ಗವನ್ನೇ ಅಂಗೀಕರಿಸಿದೆ.

ಸವಾರಿಯ ಕುದುರೆಗೆ ಇದೇ ಐದನೆಯ ಆವೃತ್ತಿಯಲ್ಲಿ ಬೇರೊಂದು ವಿಧಿಯಿದೆ. ಸವಾರನ ಕಡಿವಾಣಕ್ಕೆ ಒಳಪಟ್ಟ ಕುದುರೆಯು ಸವಾರನ ಸರದಿಯಲ್ಲಿಯೇ ನಡೆಯುವುದು, ಅದು ಓಡಬಹುದು, ಹಿಂಜರಿಯಬಹುದು, ಪೆಟ್ಟನ್ನು ತಪ್ಪಿಸಿಕೊಳ್ಳಬಹುದು, ಹೊಡೆಯುವಂತಿಲ್ಲ. ಸ್ವತಂತ್ರವಾಗಿ ನಡೆಯುವ ಕುದುರೆಗೆ ಮಾತ್ರ ಬೇರೆ ಸರದಿಯುಂಟು. ಚತುರಂಗದ ಒಂದೇ ಕಾಯಿಯ ತತ್ತ್ವವು ಇಲ್ಲಿ ಮುಕ್ಕಾಲುಪಾಲು ಮರಳಿ ಬಂದಿರುವುದನ್ನು ಕಾಣಬಹುದು.

೫. ಲೆಕ್ಕದಿಂದ ನೋಡಿದರೆ

ಹೇಳಿದುದನ್ನು ಅಂಕಗಳಿಂದ ಸ್ಪಷ್ಟಪಡಿಸಬಹುದು. ನಾಲ್ವರು ಆಟಗಾರರಿರಲಿ; ಇಪ್ಪತ್ತು ಮುಖದ ದಾಳದಲ್ಲಿ ೧೧ ಅಥವಾ ಹೆಚ್ಚು ಬಿದ್ದರೆ ಪೆಟ್ಟು ತಗಲಲಿ; ಪೆಟ್ಟಿನ ಬೆಲೆ ೬ ಆಗಿರಲಿ. ಎರಡು ಸಲಕ್ಕೊಮ್ಮೆ ತಗಲುವುದರಿಂದ ಒಂದು ಸುತ್ತಿಗೆ ಒಬ್ಬನ ಸರಾಸರಿ ೩, ನಾಲ್ವರದು ೧೨, ಒಬ್ಬೊಬ್ಬನ ಪಾಲು ಕಾಲುಭಾಗ. ಈಗ ಒಬ್ಬನಿಗೆ ತನ್ನಷ್ಟೇ ಬಲವುಳ್ಳ ಪ್ರಾಣಿಯನ್ನೂ ಅದಕ್ಕೆ ಬೇರೆ ಸರದಿಯನ್ನೂ ಕೊಟ್ಟರೆ ಜೋಡಿಯದು ೬, ಒಟ್ಟು ೧೫. ಜೋಡಿಯ ಪಾಲು ನೂರಕ್ಕೆ ೪೦, ಉಳಿದವರದು ಇಪ್ಪತ್ತಿಪ್ಪತ್ತು. ಪ್ರಾಣಿಯ ಬಲವನ್ನು ಅರ್ಧಕ್ಕಿಳಿಸಿ, ಒಡೆಯನ ಸರದಿಯನ್ನೇ ಅದು ಬಳಸುವಂತೆ ಮಾಡಿದರೆ ಜೋಡಿಯದು ಒಂದೂವರೆ, ಒಟ್ಟು ಹತ್ತೂವರೆ; ಜೋಡಿಯ ಪಾಲು ಏಳರಲ್ಲೊಂದು. ಮೊದಲನೆಯದು ೨೦೦೩ರ ದೋಷ, ಎರಡನೆಯದು ೨೦೧೪ರ ದೋಷ. ಪ್ರಾಣಿಯೂ ಹೊಡೆಯುವ ಸುತ್ತಿನಲ್ಲಿ ಒಡೆಯನ ಪೆಟ್ಟಿಗೆ ೪, ಪ್ರಾಣಿಯ ಪೆಟ್ಟಿಗೆ ೨ ಎಂದು ಹಂಚಿದರೆ ಜೋಡಿಯ ಸರಾಸರಿಯು ಮತ್ತೆ ೩. ಪಾಲು ಮತ್ತೆ ಕಾಲುಭಾಗ.

ಪೆಟ್ಟಿನ ಲೆಕ್ಕದಷ್ಟೇ ಮುಖ್ಯವಾದುದು ಹೊತ್ತಿನ ಲೆಕ್ಕ. ಕೂಟವು ಮೂರು ಗಂಟೆ, ಎಂದರೆ ೧೮೦ ನಿಮಿಷ, ಆಡುವುದಾದರೆ ನಾಲ್ವರಿಗೆ ತಲಾ ೪೫ ನಿಮಿಷ ಸಲ್ಲುವುದು. ಐದನೆಯ ಸರದಿಯೊಂದು ಸೇರಿದರೆ ಒಂದು ಸರದಿಗೆ ೩೬ ನಿಮಿಷ. ಪ್ರಾಣಿಯ ಒಡೆಯನಿಗೆ ೭೨, ಇತರರಿಗೆ ೩೬. ಮೂವರೂ ಒಂಬತ್ತೊಂಬತ್ತು ನಿಮಿಷಗಳನ್ನು ಅವನಿಗೆ ತೆತ್ತಂತಾಯಿತು. ಪ್ರಾಣಿಯ ಪೆಟ್ಟಿನ ಬೆಲೆಯನ್ನು ಸೊನ್ನೆಗೆ ಇಳಿಸಿದರೂ ಈ ನಷ್ಟವು ತಪ್ಪದು. ಮೇಜಿನ ಸುತ್ತ ಕುಳಿತವರಲ್ಲಿ ಹೊಸಬರೂ ಸಂಕೋಚದವರೂ ಇರುವರು. ತಮ್ಮ ಮಾತಿನ ಹೊತ್ತು ಬರುವುದನ್ನೇ ಅವರು ಕಾದಿರುವರು. ಆ ಹೊತ್ತು ಕಿರಿದಾದರೆ ಅವರು ಮುಂದಿನ ಕೂಟಕ್ಕೆ ಬಾರದೆ ಹೋಗುವುದುಂಟು. ಬಲಸಾಮ್ಯವೆಂಬುದು ಬರಿಯ ಅಂಕಗಳ ವ್ಯವಹಾರವಲ್ಲವೆಂಬುದು ಇದರಿಂದ ವ್ಯಕ್ತವಾಗುವುದು.

೬. ಬೊಲ್ಲನಿಗೆ ಒಂದು ಕಟ್ಟಳೆ

ಮೇಲಿನ ವಿಚಾರವನ್ನು ಕುಮಾರರಾಮನ ಕಥೆಗೆ ಅನ್ವಯಿಸಿ ನೋಡಬಹುದು. ಒಬ್ಬನು ರಾಮನ ಪಾತ್ರವನ್ನೂ, ಮತ್ತೊಬ್ಬನು ಕಾಟಣ್ಣನದನ್ನೂ, ಮೂರನೆಯವನು ಬೈಚಪ್ಪನದನ್ನೂ, ನಾಲ್ಕನೆಯವನು ಕೋಟೆಯ ಕಾವಲಿನ ನಾಯಕನೊಬ್ಬನದನ್ನೂ ಧರಿಸಿದರೆನ್ನೋಣ. ಅರಸುಮಗನಾದ ರಾಮನಿಗೆ ಕಥೆಯಲ್ಲಿ ಮೊದಲೇ ಅಗ್ರಸ್ಥಾನವಿದೆ. ಅವನಿಗೇ ಬೊಲ್ಲನೂ ದೊರೆತರೆ ಉಳಿದ ಮೂವರು ಪರಿವಾರವಾಗಿಬಿಡುವ ಭಯವುಂಟು. ಇದನ್ನು ತಪ್ಪಿಸುವುದಕ್ಕೆ ಐದು ಕಟ್ಟಳೆಗಳು ಸಾಕು.

ಮೊದಲನೆಯದು: ಬೊಲ್ಲನಿಗೆ ಬೇರೆ ಸರದಿಯಿಲ್ಲ. ರಾಮನು ಏರಿರುವ ತನಕ ಇಬ್ಬರೂ ಚತುರಂಗದ ಕಾಯಿಯಂತೆ ಒಂದೇ. ಕುದುರೆಯಿಂದ ರಾಮನಿಗೆ ದೊರೆಯುವುದು ದೂರ ಮತ್ತು ವೇಗ, ಇನ್ನೊಂದು ಪೆಟ್ಟಲ್ಲ.

ಎರಡನೆಯದು: ರಾಮನು ಕೆಳಗಿಳಿದಾಗ ಬೊಲ್ಲನು ಒದೆಯಬಹುದು, ಕಚ್ಚಬಹುದು, ಆದರೆ ಆ ಸುತ್ತಿನಲ್ಲಿ ಪೆಟ್ಟಿನ ಬೆಲೆಯು ನಾಲ್ಕು-ಎರಡು ಎಂದು ಹಂಚಿಹೋಗತಕ್ಕದ್ದು.

ಮೂರನೆಯದು: ಮೈಯ ಸೈರಣೆಯೂ ಹಂಚಿಹೋಗಬೇಕು. ಇತರ ಪಾತ್ರಗಳಿಗೆ ತಲಾ ೨೦ ಅಂಕಗಳ ಪ್ರಾಣವಿದ್ದರೆ ರಾಮನಿಗೆ ೧೪, ಬೊಲ್ಲನಿಗೆ ೬. ಹಾಗಲ್ಲದೆ ಕುದುರೆಗೆ ಬೇರೆ ಇಪ್ಪತ್ತನ್ನು ಕೊಟ್ಟರೆ ಅದು ಒಡೆಯನ ಮುಂದೆ ನಿಲ್ಲಿಸಿದ ಗೋಡೆಯಾಗುವುದು.

ನಾಲ್ಕನೆಯದು: ಬೊಲ್ಲನು ಎಲ್ಲರಿಗೂ ಉಪಯುಕ್ತನಾಗಬೇಕು. ಗಾಯಗೊಂಡ ಕಾಟಣ್ಣನನ್ನು ಹೊತ್ತು ತರುವುದು, ಬೈಚಪ್ಪನ ಓಲೆಯನ್ನು ರಾತ್ರಿಯಲ್ಲಿ ಒಯ್ಯುವುದು ಮೊದಲಾದ ಕೆಲಸಗಳನ್ನು ಬೊಲ್ಲನಿಂದ ಮಾಡಿಸುವ ಅಧಿಕಾರವು ಆಯಾ ಪಾತ್ರದವನ ಸರದಿಯಲ್ಲಿ ಆಯಾ ಪಾತ್ರದವನಿಗೇ ಇರತಕ್ಕದ್ದು. ಹೀಗೆ ಮಾಡಿದರೆ ಒಬ್ಬನ ಕುದುರೆಯು ಕೂಟದ ಕುದುರೆಯಾಗುವುದು. ಹುಲಿಕುರಿಯಾಟದಲ್ಲಿ ಹಲವು ಮೈಗಳಿಗೆ ಒಂದೇ ಸರದಿಯಿದ್ದಂತೆ, ಇಲ್ಲಿ ಒಂದು ಮೈಯು ಹಲವರ ಸರದಿಗಳಲ್ಲಿ ಹಂಚಿಕೊಳ್ಳುವುದು.

ಐದನೆಯದು ಸಾವಿನ ವಿಷಯ. ಹುಲಿಕುರಿಯಾಟದಲ್ಲಿ ಹುಲಿಗೆ ಸಾವಿಲ್ಲ, ಸತ್ತ ಕುರಿಗೆ ಮರಳುವುದಿಲ್ಲ. ಸಂಗಾತಿ ಪ್ರಾಣಿಗೆ ಈ ಎರಡೂ ಹೊಂದವು. ಬೊಲ್ಲನು ಸಾಯಲಾರನೆಂದರೆ ಆಪತ್ತಿನಲ್ಲಿ ಗಾಂಭೀರ್ಯವಿರದು. ಸತ್ತ ಮರುದಿನ ಅಂತಹುದೇ ಇನ್ನೊಂದು ಕುದುರೆಯು ಲಾಯದಿಂದ ಬರುವುದೆಂದರೆ, ಆಟಗಾರನು ಅದನ್ನು ಬಲೆಯ ಮೇಲೂ ಬೆಂಕಿಯೊಳಕ್ಕೂ ಮೊದಲು ಅಟ್ಟುವನು. ಆದುದರಿಂದ ಮೊದಲ ಸಲ ಪ್ರಾಣವು ಸೊನ್ನೆಗಿಳಿದಾಗ ಬೊಲ್ಲನು ಬಿದ್ದು ಆ ಪ್ರಸಂಗದಿಂದ ಹೊರಗಾಗಲಿ. ಯಾರಾದರೂ ತಮ್ಮ ಸರದಿಯೊಂದನ್ನು ವ್ಯಯಮಾಡಿ ಅವನನ್ನು ಆರೈಕೆಮಾಡಿದರೆ ಉಳಿಯಲಿ. ಯಾರೂ ಮಾಡದಿದ್ದರೆ ಸಾಯಲಿ. ಬೊಲ್ಲನು ಸತ್ತರೆ ರಾಮನ ಪೆಟ್ಟು ಮತ್ತೆ ಆರಕ್ಕೂ, ಪ್ರಾಣದ ಅಂಕವು ಮುಂದಿನ ಪ್ರಸಂಗದಿಂದ ಇಪ್ಪತ್ತಕ್ಕೂ ಬರುವುದು. ಆಟಗಾರನು ಬಲದಲ್ಲಿ ಏನನ್ನೂ ಕಳೆದುಕೊಳ್ಳನು. ಕಳೆದುಕೊಳ್ಳುವುದು ಬೊಲ್ಲನನ್ನು ಮಾತ್ರ. ದುಃಖವು ಲೆಕ್ಕದ ನಷ್ಟದಿಂದ ಹುಟ್ಟದೆ ಸ್ನೇಹದಿಂದ ಹುಟ್ಟಬೇಕಾದರೆ ಈ ಏರ್ಪಾಡು ಅವಶ್ಯ.

೭. ಕಾವ್ಯದ ಕಡೆಗೆ

ಸಾಹಿತ್ಯವನ್ನು ಬೋಧಿಸುವವರಿಗೆ ಈ ವಿಚಾರದಿಂದ ಒಂದು ಪ್ರಯೋಜನವುಂಟು. ಕಾವ್ಯದಲ್ಲಿ ಪ್ರಾಣಿಪಾತ್ರವನ್ನು ವಿಮರ್ಶಿಸುವಾಗ ಅದು ಎಷ್ಟು ಬಲವುಳ್ಳದ್ದೆಂದು ಕೇಳುವುದಕ್ಕಿಂತ, ಅದು ಯಾರ ಸರದಿಯಲ್ಲಿ ನಡೆಯುವುದೆಂದು ಕೇಳುವುದು ಹೆಚ್ಚು ಫಲಕಾರಿ. ಭಾರತದ ದ್ರೋಣಪರ್ವದಲ್ಲಿ ಭಗದತ್ತನ ಆನೆಯಾದ ಸುಪ್ರತೀಕವು ಪಾಂಡವರ ಸೇನೆಯನ್ನೇ ಕಲಕಿಬಿಡುವುದು. ಭೀಮನೂ ಅದರ ಮುಂದೆ ಸಂಕಟಕ್ಕೆ ಸಿಕ್ಕುವನು. ಇಷ್ಟು ಬಲವನ್ನು ಪಡೆದೂ ಆ ಆನೆಯು ಕಥೆಯನ್ನು ಕೆಡಿಸದು. ಅದರ ಹೊತ್ತು ಒಡೆಯನ ಹೊತ್ತಿನೊಡನೆಯೇ ಮೊದಲಾಗಿ, ಅರ್ಜುನನ ಬಾಣದಿಂದ ಒಡೆಯನ ಹೊತ್ತಿನೊಡನೆಯೇ ಮುಗಿಯುವುದು. ಕವಿಯು ಆನೆಗೆ ಬಲವನ್ನು ಧಾರಾಳವಾಗಿ ಕೊಟ್ಟು, ಬೇರೆ ಸರದಿಯನ್ನು ಕೊಡದೆ ಉಳಿದನು.

ಕುಮಾರರಾಮನ ಸಾಂಗತ್ಯಗಳನ್ನು ತರಗತಿಯಲ್ಲಿ ಓದಿಸುವ ಉಪಾಧ್ಯಾಯರು, ನಾಲ್ವರು ವಿದ್ಯಾರ್ಥಿಗಳಿಗೆ ನಾಲ್ಕು ಪಾತ್ರಗಳನ್ನು ಹಂಚಿ ಒಂದು ಪ್ರಸಂಗವನ್ನು ಮೇಲಿನ ಕಟ್ಟಳೆಗಳಿಂದ ಆಡಿಸಿ ನೋಡಬಹುದು. ಬೇಕಾದುದು ಒಂದು ದಾಳ, ಒಂದು ಹಾಳೆ, ಒಂದು ಗಂಟೆಯ ಹೊತ್ತು. ಆಟವು ಮುಗಿದ ಮೇಲೆ ಬೈಚಪ್ಪನ ಪಾತ್ರವನ್ನು ಧರಿಸಿದ ವಿದ್ಯಾರ್ಥಿಯನ್ನು, ಅವನು ಎಷ್ಟು ಸಲ ಮಾತನಾಡಿದನೆಂದು ಕೇಳತಕ್ಕದ್ದು. ಅವನ ಎಣಿಕೆಯು ರಾಮನ ಎಣಿಕೆಗೆ ಸಮೀಪವಾಗಿದ್ದರೆ ಬೊಲ್ಲನಿಗೆ ಸಂದ ಬಲವು ಯುಕ್ತವಾದುದೆಂದು ತಿಳಿಯಬಹುದು. ಇಲ್ಲದಿದ್ದರೆ ಮುಂದಿನ ವಾರಕ್ಕೆ ಒಂದು ಕಟ್ಟಳೆಯನ್ನು ತಿದ್ದಿಕೊಳ್ಳುವುದಕ್ಕೆ ಅಡ್ಡಿಯೇನೂ ಇಲ್ಲ. ಹುಲಿಕುರಿಯ ಕಟ್ಟಳೆಗಳೂ ಹೀಗೆ ತಿದ್ದುತ್ತ ತಿದ್ದುತ್ತಲೇ ತೂಕಕ್ಕೆ ಬಂದುವು.